ತಿರುವಿನ ಕುರ್ಚಿ

ಅಪ್ಪಾ,

ಇವತ್ತು ಬೆಳಿಗ್ಗೆ ನನ್ನ ಮಗಳು ಚೆಂಡಿನ ಹಿಂದೆ ಓಡಿ, ನಮ್ಮ ಬೀದಿಯ ತಿರುವಿನಲ್ಲಿ ರಸ್ತೆಗಿಳಿದುಬಿಟ್ಟಳು. ಅದೇ ಹೊತ್ತಿಗೆ ಹಾಲಿನ ವ್ಯಾನು. ನನ್ನ ಜೀವ ಬಾಯಿಗೆ ಬಂತು. ಪುಣ್ಯಕ್ಕೆ ವ್ಯಾನು ಮದುಮಗಳ ಹಾಗೆ ಮೆಲ್ಲಗೆ ಬರುತ್ತಿತ್ತು. ಒಂದು ಮಾರು ದೂರದಲ್ಲೇ ನಿಂತಿತು. ಅವಳಿಗೆ ಒಂದು ಗೀರೂ ಆಗಿಲ್ಲ, ಚೆಂಡು ಕೂಡ ಒಡೆದಿಲ್ಲ.

ನಿಧಾನವಾಗಿ ಚಲಿಸಿ ಎಂಬ ಫಲಕಕ್ಕಾಗಿ ನೀನು ನಗರಸಭೆಗೆ ಅಲೆದು ಚಪ್ಪಲಿ ಸವೆಸಿದೆಯಲ್ಲ, ನೀನು ಕಣ್ಣುಮುಚ್ಚಿದ ಮೇಲೆ ಅದನ್ನು ನೆಟ್ಟರು. ಅದೂ ಮರದ ಕೊಂಬೆಯ ಹಿಂದೆ! ಆದರೂ ಡ್ರೈವರಿಗೆ ಕೈಮುಗಿದು, "ಬೋರ್ಡ್ ನೋಡಿ ನಿಧಾನ ಮಾಡಿದ್ರಾ?" ಎಂದು ಕೇಳಿದೆ.

"ಯಾವ ಬೋರ್ಡಮ್ಮಾ? ಇಲ್ಲಿ ಜೋರಾಗಿ ಬಂದ್ರೆ, ಕುರ್ಚೀಲಿ ಕೂತಿರೋ ಯಜಮಾನ್ರು ಕೋಲು ಹಿಡ್ಕೊಂಡು ಎದ್ದುಬಿಡ್ತಾರೆ. ಜನ್ಮ ಜಾಲಾಡ್ತಾರೆ! ಈಗೀಗ ಕಾಣೋದೇ ಇಲ್ವಲ್ಲ, ಊರಲ್ಲಿಲ್ವಾ?"

ನೀನು ಹಾಗೆ ಎದ್ದಾಗಲೆಲ್ಲ ನಾನು ಮುಜುಗರದಿಂದ ಕಿಟಕಿ ಮುಚ್ಚುತ್ತಿದ್ದೆ.

"ಒಳಗೇ ಇದ್ದಾರೆ," ಎಂದೆ. "ಯಾವಾಗ ಹೊರಗೆ ಬರ್ತಾರೋ ಹೇಳಕ್ಕಾಗಲ್ಲ."

ಅವನು ಇನ್ನಷ್ಟು ಮೆಲ್ಲಗೆ ಹೋದ.

ಅಟ್ಟದಿಂದ ನಿನ್ನ ಕುರ್ಚಿ ಇಳಿಸಿ, ಧೂಳು ಒರೆಸಿ, ತಿರುವಿನಲ್ಲಿಟ್ಟು ಕೋಲು ಒರಗಿಸಿದ್ದೇನೆ. ಕಿಟಕಿ ತೆರೆದೇ ಇದೆ.