ಮೈದಾನದಲ್ಲಿ ಬಹುವಚನ ಬೇಡ

ಜೂನ್ 4, ಬೆಳಿಗ್ಗೆ 6.40

ಮತ್ತೆ ಅದೇ ಕೆಲಸ. ಶೂ ತಲೆಕೆಳಗು ಮಾಡಿ ಗೋಡೆಗೆ ಬಡಿಯುವುದು. ಇಲ್ಲಿನ ಮೈದಾನದ ಹುಲ್ಲು ಪ್ಲಾಸ್ಟಿಕ್ಕಿನದು, ಬುಡದಲ್ಲಿ ಕರೀ ರಬ್ಬರಿನ ಪುಡಿ. ಸಾಸಿವೆ ಕಾಳಿನಷ್ಟು. ಸಾಕ್ಸಿನಲ್ಲಿ, ಕಿವಿಯಲ್ಲಿ, ಹಾಸಿಗೆಯಲ್ಲಿ, ಈಗ ಈ ಡೈರಿಯ ಸಂದಿಯಲ್ಲೂ. ಒಂದು ಶಾಲೆಯ ಎರಡನೇ ಮಹಡಿಯಲ್ಲಿ ಬೆಂಚು ಬದಿಗೆ ಸರಿಸಿ ಮಲಗಿದ್ದೇವೆ. ಹದಿನಾರು ಜನ, ಒಂದೇ ಕನ್ನಡಿ. ಕಿಟಕಿಗೆ ಕಪ್ಪು ಪರದೆ ಎಳೆಯದಿದ್ದರೆ ನಿದ್ದೆಯಿಲ್ಲ. ಈ ಉತ್ತರದ ದೇಶಗಳಲ್ಲಿ ಸೂರ್ಯನಿಗೆ ಮನೆಗೆ ಹೋಗುವ ಯೋಚನೆಯೇ ಇದ್ದಂತಿಲ್ಲ.

ಮೂರು ದೇಶ, ನಾಲ್ಕು ಮ್ಯಾಚ್, ಹದಿನಾಲ್ಕು ದಿನ. ಕಾಲೇಜಿನ ಹುಡುಗಿಯರ ಫುಟ್‌ಬಾಲ್ ಟೀಮು ವಿದೇಶಕ್ಕೆ ಹೊರಟಿರುವುದು ಇದೇ ಮೊದಲು ಎಂದು ಬೀಳ್ಕೊಡುವಾಗ ಪ್ರಿನ್ಸಿಪಾಲರು ಮೂರು ಸಲ ಹೇಳಿದ್ದರು. ನಿನ್ನೆ ಮೊದಲ ಮ್ಯಾಚ್. 5-0. ನಾನು ಸ್ಟಾಪರ್, ಅಂದರೆ ಗೋಲ್‌ಕೀಪರಿನ ಮುಂದೆ ಇರುವ ಕೊನೆಯ ಗೇಟು. ಐದು ಸಲವೂ ಗೇಟು ತೆರೆದೇ ಇತ್ತು. ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮ ಕೋಚ್ ಸರ್ ಇಡೀ ದಾರಿ ಸ್ಕೋರಿನ ಚೀಟಿಯನ್ನೇ ಮಡಚುತ್ತಾ ಬಿಚ್ಚುತ್ತಾ ಕೂತಿದ್ದರು. ಬೈದಿದ್ದರೆ ಊಟವಾದರೂ ಸೇರುತ್ತಿತ್ತು.

ಜೂನ್ 5

ಸರ್ ಕಂಡುಹಿಡಿದದ್ದು: ನಾವು ಸೋತದ್ದು ಇಂಗ್ಲಿಷಿನಿಂದ. ನಾವು ‘ಕೀಪರ್’, ‘ಲೀವ್’, ‘ಯುವರ್ಸ್’ ಎಂದು ಕೂಗಿದ್ದೆಲ್ಲ ಎದುರಿನವರಿಗೆ ಅರ್ಥವಾಗುತ್ತಿತ್ತಂತೆ. ನಮ್ಮ ಕಾಲುಗಳದ್ದು ಏನೂ ತಪ್ಪಿಲ್ಲ, ಪಾಪ. ಇನ್ನು ಮುಂದೆ ಕನ್ನಡದಲ್ಲೇ ಕೂಗಬೇಕು. ಕ್ಲಾಸಿನ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು — ನಂದು. ನಿಂದು. ಕೀಪರ್ ‘ನಂದು’ ಎಂದರೆ ಬೇರೆ ಯಾರೂ ಬಾಲ್ ಮುಟ್ಟಬಾರದು, ದಾರಿ ಬಿಡಬೇಕು. ‘ನಿಂದು’ ಎಂದರೆ ಮುಂದಿರುವವಳು ಹೊಡೆಯಬೇಕು. ಎರಡಕ್ಕೂ ನಡುವೆ ಇರುವುದು ಒಂದೇ ಒಂದು ಗುಡಿಸು. ಇದು ಆಗ ಯಾರಿಗೂ ಹೊಳೆಯಲಿಲ್ಲ, ನನಗೂ ಬರೆಯುವಾಗಲೇ ಹೊಳೆದದ್ದು.

ಡ್ರಿಲ್‌ನಲ್ಲಿ ಕಂಬನ ಸರದಿ ಬಂದಾಗ ತಮಾಷೆ. ಕಂಬ ನಮ್ಮ ಎರಡನೇ ಕೀಪರ್. ಎರಡು ವರ್ಷದಿಂದ ಗೋಲ್‌ಪೋಸ್ಟಿನ ಪಕ್ಕ ನಿಂತು, ಹೊರಗೆ ಹೋದ ಬಾಲ್ ತಂದುಕೊಡುವುದೇ ಅವಳ ಆಟ, ಅದಕ್ಕೇ ಆ ಹೆಸರು. ಹಾಸ್ಟೆಲಿನಲ್ಲಿ ನನ್ನ ರೂಮಿನವಳು. ನನ್ನನ್ನು ಬಿಟ್ಟರೆ ಅವಳಿಗೆ ಗತಿಯಿಲ್ಲ ಎಂಬಂತೆ ಹಿಂದೆ ಹಿಂದೆ ಸುತ್ತುತ್ತಾಳೆ. ಬಾಲ್ ನನ್ನ ಕಡೆ ಬಂತು. ಇವಳು ಕೂಗಿದ್ದು: “ನಿಮ್ದು, ಅಕ್ಕ.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಸರ್ ಸೀಟಿ ಊದಿ ಹತ್ತಿರ ಕರೆದರು.

“ಮೈದಾನದಲ್ಲಿ ಬಹುವಚನ ಬೇಡ ಕಣಮ್ಮ. ನೀನು ಮರ್ಯಾದೆ ಕೊಟ್ಟು ಮುಗಿಸೋ ಹೊತ್ತಿಗೆ ಗೋಲ್ ಆಗಿರುತ್ತೆ.”

ಇಪ್ಪತ್ತು ಸಲ ‘ನಿಂದು’ ಎಂದು ಹೇಳಿಸಿದರು. ಇಪ್ಪತ್ತು ಸಲವೂ ಸರಿಯಾಗಿ ಹೇಳಿದಳು. ಮತ್ತೆ ಬಾಲ್ ಬಂತು — “ನಿಮ್ದು ಅಕ್ಕ.” ಮನೆಯಲ್ಲಿ ನಾಯಿಗೂ ‘ನೀವು’ ಅನ್ನುತ್ತಾಳೋ ಏನೋ.

ಜೂನ್ 7, ಮಧ್ಯಾಹ್ನ

ಎರಡನೇ ಮ್ಯಾಚ್. 1-1. ಕನ್ನಡ ಕೆಲಸ ಮಾಡಿತು ಎಂದು ಸರ್ ಹಿಗ್ಗಿ ಹೀರೇಕಾಯಿಯಾಗಿದ್ದಾರೆ.

ಬೇರೆ ಸುದ್ದಿ ಇದೆ. ಮೈದಾನದ ಅಂಚಿನಲ್ಲಿ ಉದ್ದ ಕೋಟಿನ ಹೆಂಗಸೊಬ್ಬಳು ನಿಂತು ಏನೋ ಬರೆದುಕೊಳ್ಳುತ್ತಿದ್ದಳು. ನಾವು ಕೊನೆಯ ಮ್ಯಾಚ್ ಆಡಬೇಕಾದ ಕಾಲೇಜಿನ ಕೋಚ್. ನಮ್ಮಲ್ಲಿ ಒಬ್ಬಳನ್ನು ಆರಿಸಿ ಒಂದು ವರ್ಷ ಅಲ್ಲೇ ಇಟ್ಟುಕೊಂಡು ಆಡಿಸುತ್ತಾಳಂತೆ, ಓದಿಸುತ್ತಾಳಂತೆ. ಒಬ್ಬಳನ್ನು.

ನನ್ನದು ಫೈನಲ್ ಇಯರ್. ವಾಪಸು ಹೋದರೆ ಶೂ ಅಟ್ಟಕ್ಕೆ, ನಾನು ಮಾವನ ಮೆಡಿಕಲ್ ಶಾಪಿನ ಸ್ಟೂಲಿಗೆ. ಎಲ್ಲಾ ಮಾತಾಗಿದೆ. ಸ್ಟೂಲಿಗೆ ಹೊಸ ಕುಶನ್ ಹಾಕಿಸಿದ್ದೇನೆ ಎಂದು ಮಾವ ಫೋನಿನಲ್ಲಿ ಹೇಳಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಪ್ಪತ್ತೊಂದು ವರ್ಷಕ್ಕೆ ಕುಶನ್.

ನನಗೆ ಆ ಸೀಟು ಬೇಕು. ಇಲ್ಲಿ ಬರೆಯುವುದಕ್ಕೆ ನಾಚಿಕೆ ಯಾಕೆ. ಬೇಕು.

ಜೂನ್ 9

ಬಸ್ಸಿನ ಸಮೇತ ಹಡಗು ಹತ್ತಿ ಇನ್ನೊಂದು ದೇಶ. ಮೂರನೇ ಮ್ಯಾಚ್ ಗೆದ್ದೆವು, 2-1. ಆದರೆ ನಮ್ಮ ಮೊದಲ ಕೀಪರಿನ ಕಿರುಬೆರಳು ಮುರಿಯಿತು. ಅವಳನ್ನು ನಾವು ಕರೆಯುವುದು ‘ಗೋಡೆ’ ಎಂದು. ಗೋಡೆ ಕೈಗೆ ಪಟ್ಟಿ ಕಟ್ಟಿಸಿಕೊಂಡು ಅಳುತ್ತಾ ಕೂತಿದೆ.

ಕೊನೆಯ ಮ್ಯಾಚಿಗೆ ಕಂಬ. ಹೆಸರು ಓದಿದಾಗ ಅವಳು ಹಿಂದೆ ತಿರುಗಿ ನೋಡಿದಳು, ಬೇರೆ ಯಾರನ್ನೋ ಕರೆದರು ಎಂಬಂತೆ.

ಜೂನ್ 10, ಸಂಜೆ 5

ಕಂಬನಿಗೆ ಊಟ ಇಳಿಯುತ್ತಿಲ್ಲ. ಗ್ಲೌಸು ಹಾಕುತ್ತಾಳೆ, ತೆಗೆಯುತ್ತಾಳೆ. ಪಾರ್ಕಿನ ಬೆಂಚಿನ ಮೇಲೆ ಕೂರಿಸಿಕೊಂಡು ಬುದ್ಧಿ ಹೇಳಿದೆ. ನಾಳೆ ಸರಿಯಾಗಿ ಆಡದಿದ್ದರೆ ಟೀಮಿನಿಂದ ತೆಗೆಯುತ್ತಾರೆ, ಟೀಮು ಹೋದರೆ ಸ್ಪೋರ್ಟ್ಸ್ ಕೋಟಾದ ಹಾಸ್ಟೆಲ್ ಸೀಟೂ ಹೋಗುತ್ತದೆ ಎಂಬುದೇ ಅವಳ ಭಯ. ಅವಳ ಊರಿನಿಂದ ಕಾಲೇಜಿಗೆ ಎರಡು ಬಸ್ಸು, ಮೂರು ಗಂಟೆ. ಸೀಟು ಹೋದರೆ ಓದೂ ಹೋದಂತೆ.

ನೀನು ‘ನಂದು’ ಎಂದು ಒಂದು ಸಲ ಕೂಗಿದರೆ ಸಾಕು, ನಾನು ಕಲ್ಲಿನ ಹಾಗೆ ನಿಂತುಬಿಡುತ್ತೇನೆ ಎಂದೆ. ನನ್ನ ಮೇಲೆ ನಂಬಿಕೆ ಇಡು ಎಂದೆ. ಇಟ್ಟಳು. ಕೂಡಲೇ ಎರಡು ಬ್ರೆಡ್ಡು ತಿಂದಳು.

ಜೂನ್ 11, ಸಂಜೆ 6

0-1.

ಎಂಬತ್ತೆಂಟನೇ ನಿಮಿಷದವರೆಗೆ 0-0. ಕಂಬ ಮೂರು ಬಾಲ್ ಹಿಡಿದಿದ್ದಳು, ಒಂದಂತೂ ಮೂಲೆಗೆ ಹಾರಿ. ಆಮೇಲೆ ಅವರ ಕಡೆಯಿಂದ ಒಂದು ಉದ್ದನೆಯ ಬಾಲ್. ನಾನು ಹಿಂದಕ್ಕೆ ಓಡಿದೆ, ಕಂಬ ಮುಂದಕ್ಕೆ ಬಂದಳು. ಕೂಗಿದಳು. ನಾನು ಹೊಡೆದೆ. ಬಾಲ್ ನನ್ನ ಶೂ ತುದಿಗೆ ತಾಗಿ, ಅವಳ ತಲೆಯ ಮೇಲಿಂದ ಹೋಗಿ, ನಮ್ಮದೇ ಗೋಲಿನೊಳಗೆ ಆರಾಮವಾಗಿ ಉರುಳಿತು.

ಡ್ರೆಸ್ಸಿಂಗ್ ರೂಮಿನಲ್ಲಿ ಸರ್ ಇಬ್ಬರನ್ನೂ ಎದುರಿಗೆ ನಿಲ್ಲಿಸಿದರು. ಕೂಗಿದ್ದು ಏನು ಎಂದು ಮೊದಲು ನನ್ನನ್ನು ಕೇಳಿದರು.

“ನಿಂದು ಅಂತ ಕೇಳಿಸ್ತು ಸರ್.”

ಕಂಬ ನನ್ನ ಮುಖ ನೋಡಿದಳು. ಹದಿನಾಲ್ಕು ಜನ ಅವಳನ್ನು ನೋಡುತ್ತಿದ್ದರು. ನೀನು ಹಾಗೆ ಕೂಗಿದೆಯಾ ಎಂದು ಸರ್ ಎರಡು ಸಲ ಕೇಳಿದ ಮೇಲೆ ತಲೆ ತಗ್ಗಿಸಿದಳು.

“ತಪ್ಪು ನಂದು ಸರ್.”

ಇಪ್ಪತ್ತು ಸಲ ಹೇಳಿಸಿದ ಪಾಠ ನೋಡಿ, ಕೊನೆಗೂ ಏಕವಚನ ಕಲಿತಳು, ಬೇಡದ ಹೊತ್ತಿನಲ್ಲಿ ಎಂದರು ಸರ್. ಯಾರೋ ನಕ್ಕರು.

ನಿಂದು ಎಂದೇ ಕೇಳಿಸಿತು. ಗಾಳಿ ಜೋರಾಗಿತ್ತು. ಕೇಳಿಸಿದ್ದನ್ನು ಹೇಳಿದ್ದೇನೆ, ಅಷ್ಟೆ.

ಜೂನ್ 12

ಏನೂ ಇಲ್ಲ. ಶೂ ಬಡಿದೆ.

ಜೂನ್ 14, ಬೆಳಿಗ್ಗೆ 11

ಸರ್ ಕರೆದು ಹೇಳಿದರು. ಸೀಟು ನನಗೆ.

ಕೋಟಿನ ಹೆಂಗಸು ಆ ಗೋಲಿನ ವಿಡಿಯೊ ಮೂರು ಸಲ ನೋಡಿದಳಂತೆ. ಕೀಪರ್ ಇಷ್ಟು ಹತ್ತಿರ ಬಂದಿರುವಾಗ ಈ ಹುಡುಗಿ ಯಾಕೆ ಹೊಡೆದಳು ಎಂದು ಕೇಳಿದಳಂತೆ. ಕೀಪರೇ ‘ನಿಂದು’ ಎಂದು ತಪ್ಪಾಗಿ ಕೂಗಿದಳು ಎಂದು ಸರ್ ವಿವರಿಸಿದರಂತೆ. ಆಗ ಆಕೆ ತಲೆಯಾಡಿಸಿ, ತನಗೆ ಬೇಕಾದದ್ದು ಇಂಥವಳೇ, ಕೀಪರಿನ ಮಾತು ತಪ್ಪಾಗಿದ್ದರೂ ಕೇಳುವವಳು, ಇದೇ ಶಿಸ್ತು ಎಂದಳಂತೆ. ಸರ್ ಕಣ್ಣಲ್ಲಿ ನೀರು ಬಂದಿತ್ತು. ಇಪ್ಪತ್ತು ವರ್ಷದಲ್ಲಿ ಅವರ ಕೈಯಲ್ಲಿ ಕಲಿತ ಯಾರೂ ಇಷ್ಟು ದೂರ ಬಂದಿಲ್ಲ.

ಅಮ್ಮನಿಗೆ ಫೋನ್ ಮಾಡಿದೆ. ಅಳುತ್ತಾ ನಕ್ಕಳು, ನಗುತ್ತಾ ಅತ್ತಳು. ಪಾಪ ಆ ಕುಶನ್ ಏನು ಮಾಡುವುದು ಎಂದು ಕೇಳಿದಳು.

ಅದೇ ಉಸಿರಿನಲ್ಲಿ ಸರ್ ಇನ್ನೊಂದು ಮಾತು ಹೇಳಿದ್ದರು. ಊರಿಗೆ ಹೋದ ಮೇಲೆ ಹೊಸ ಕೀಪರಿಗಾಗಿ ಟ್ರಯಲ್ಸ್ ಇಡುತ್ತಾರೆ. ಕಂಬನಿಗೆ ಆಗಲೇ ಹೇಳಿಯಾಗಿದೆ. ಬರೆಯದೆ ಬಿಡೋಣ ಎಂದುಕೊಂಡಿದ್ದೆ.

ಜೂನ್ 15, ಸಂಜೆ 4

ಈ ಮೂರನೇ ದೇಶದಲ್ಲಿ ನಾವು ಇಳಿದುಕೊಂಡಿರುವ ಶಾಲೆಯ ಬೇಸ್‌ಮೆಂಟಿನಲ್ಲಿ ಒದ್ದೆ ಬಟ್ಟೆ ಒಣಗಿಸಲೆಂದೇ ಒಂದು ಬೆಚ್ಚನೆಯ ಕೋಣೆ ಇದೆ. ಪೈಪುಗಳ ಮೇಲೆ ಜೆರ್ಸಿ, ಕೆಳಗೆ ಸಾಲಾಗಿ ಶೂಗಳು. ಹೋದಾಗ ಕಂಬ ಒಬ್ಬಳೇ ಇದ್ದಳು. ಎಲ್ಲರ ಶೂಗಳೊಳಗೆ ಹಳೇ ಪೇಪರ್ ತುರುಕುತ್ತಿದ್ದಳು. ನನ್ನದು ಆಗಲೇ ತುರುಕಿ ಇಟ್ಟಿದ್ದಳು, ಲೇಸು ಬಿಚ್ಚಿ, ನೀಟಾಗಿ.

ಕಂಗ್ರಾಟ್ಸ್ ಅಕ್ಕ ಎಂದಳು. ನಿಜವಾಗಿಯೇ ಎಂದಳು. ಆಮೇಲೆ, ಊರಿನಿಂದ ಬೆಳಗಿನ ಮೊದಲ ಬಸ್ಸು ಎಷ್ಟು ಗಂಟೆಗೆ ಎಂದು ತನ್ನ ತಮ್ಮನಿಗೆ ಫೋನ್ ಮಾಡಿ ಕೇಳಿದ್ದಳಂತೆ, ಐದೂಕಾಲಿಗಂತೆ, ಅದನ್ನು ಹಿಡಿದರೂ ಮೊದಲ ಕ್ಲಾಸು ತಪ್ಪುತ್ತದೆ ಎಂದಳು. ಏನಾದರೂ ಆಗುತ್ತದೆ ಬಿಡು ಎಂದೆ. ಎಂಥ ಮಾತು. ನನ್ನ ಬಾಯಿಗೆ ಹುಳ ಬೀಳ.

ಬಾಗಿಲವರೆಗೆ ಬಂದಿದ್ದೆ. ಹಿಂದಿನಿಂದ ಕರೆದಳು.

“ಅಕ್ಕ, ನಾನು ಯಾವತ್ತಾದ್ರೂ ನಿಮ್ಗೆ ‘ನಿಂದು’ ಅಂದಿದೀನಾ?”

ದನಿಯಲ್ಲಿ ಸಿಟ್ಟು ಇರಲಿಲ್ಲ. ಮರೆತ ಲೆಕ್ಕವೊಂದನ್ನು ಕೇಳುವ ಹಾಗೆ ಕೇಳಿದಳು. ಅಷ್ಟು ಜನರ ಮುಂದೆ ನಿಮ್ಮನ್ನು ಸುಳ್ಳಿ ಅನ್ನೋಕೆ ಆಗಲಿಲ್ಲ, ನೀವೇ ಹೇಳ್ತೀರ ಅಂತ ನಾಲ್ಕು ದಿನ ಕಾದೆ ಎಂದಳು. ಮತ್ತೆ ಪೇಪರ್ ತುರುಕತೊಡಗಿದಳು.

ನಾಲ್ಕು ದಿನ.

ಬರೆಯುತ್ತೇನೆ. ಇದನ್ನು ಓದುವವರು ಯಾರೂ ಇಲ್ಲ, ಆದರೂ ಇಲ್ಲಿ ಕೂಡ ಸುಳ್ಳು ಬರೆದಿದ್ದೇನೆ. ಎಂಥ ನಾಯಿಬುದ್ಧಿ. ಅವಳು ‘ನಂದು’ ಎಂದೇ ಕೂಗಿದಳು. ಗಾಳಿ ಇರಲಿಲ್ಲ. ಮೂಲೆಯ ಬಾವುಟ ಕೋಲಿಗೆ ಅಂಟಿಕೊಂಡು ನಿಂತಿತ್ತು. ನನಗೆ ಸ್ಪಷ್ಟವಾಗಿ ಕೇಳಿಸಿತು. ಆದರೆ ಕೋಟಿನ ಹೆಂಗಸು ತನ್ನ ಟೀಮನ್ನು ಅಸಿಸ್ಟೆಂಟಿಗೆ ಬಿಟ್ಟು ನಮ್ಮ ಗೋಲಿನ ಹಿಂದೆಯೇ ನಿಂತಿದ್ದಳು. ಎರಡು ನಿಮಿಷ ಉಳಿದಿತ್ತು. ಕಂಬ ಆ ದಿನ ನನಗಿಂತ ಚೆನ್ನಾಗಿ ಆಡಿದ್ದಳು, ಆ ಹೆಂಗಸು ಅವಳನ್ನೇ ನೋಡುತ್ತಿದ್ದಳು. ಈ ಒಂದು ಬಾಲ್ ನಾನು ಎತ್ತಿ ಮೈದಾನದ ಆಚೆ ತುದಿಗೆ ಹೊಡೆಯಬೇಕು, ಆ ಹೆಂಗಸಿನ ಕಣ್ಣ ಮುಂದೆ, ಎಂದುಕೊಂಡೆ. ಹೊಟ್ಟೆಕಿಚ್ಚು. ಬೇರೆ ಹೆಸರಿಲ್ಲ ಅದಕ್ಕೆ. ಪಾರ್ಕಿನ ಬೆಂಚಿನ ಮೇಲೆ ಕೂರಿಸಿಕೊಂಡು ಧೈರ್ಯ ಹೇಳಿದ ಹುಡುಗಿಯ ಮೇಲೆ ಹೊಟ್ಟೆಕಿಚ್ಚು.

ಸುಳ್ಳು ಹೇಳುವಾಗಲೂ ನೆಟ್ಟಗೆ ಹೇಳಲು ಬರಲಿಲ್ಲ. ಅವಳ ಬಾಯಲ್ಲಿ ಬಾರದ ಪದವನ್ನೇ ಅವಳ ಬಾಯಿಗೆ ತುರುಕಿದೆ. ಹದಿನಾಲ್ಕು ಜನಕ್ಕೂ, ಸರ್‌ಗೂ ಅದು ಹೊಳೆಯಲಿಲ್ಲ, ಯಾಕೆಂದರೆ ಅವಳ ಬಗ್ಗೆ ಅಷ್ಟು ಹೊತ್ತು ಯೋಚಿಸುವ ತೊಂದರೆ ಯಾರು ತೆಗೆದುಕೊಳ್ಳುತ್ತಾರೆ.

ಜೂನ್ 16, ಬೆಳಿಗ್ಗೆ 8.10

ಮಧ್ಯಾಹ್ನ ವಿಮಾನ. ಬ್ಯಾಗುಗಳೆಲ್ಲ ಕಾರಿಡಾರಿನಲ್ಲಿ. ನಾನೂ ಇವರ ಜೊತೆ ಹೋಗಿ, ಎರಡು ತಿಂಗಳಾದ ಮೇಲೆ ಒಬ್ಬಳೇ ಬರಬೇಕು. ಕೋಟಿನ ಹೆಂಗಸು ಆಗಲೇ ಬಂದು ಸ್ಟಾಫ್ ರೂಮಿನಲ್ಲಿ ಕೂತಿದ್ದಾಳೆ, ಎದುರಿಗೆ ಫಾರ್ಮು, ನನ್ನ ಹೆಸರು ಟೈಪಾಗಿದೆ. ನಾನು ಸಹಿ ಹಾಕಬೇಕು, ಸರ್ ಹಾಕಬೇಕು, ಅಷ್ಟೆ.

ಬೆಳಗಿನಿಂದ ಮೂರು ಸಲ ಸರ್ ಹತ್ತಿರ ಹೋದೆ. ಮೊದಲ ಸಲ ಹಲ್ಲುಜ್ಜುತ್ತಿದ್ದರು. ಎರಡನೇ ಸಲ ಪ್ರಿನ್ಸಿಪಾಲರ ಜೊತೆ ಫೋನಿನಲ್ಲಿದ್ದರು, ನನ್ನ ಹೆಸರೇ ಹೇಳುತ್ತಿದ್ದರು. ಮೂರನೇ ಸಲ ಏನಮ್ಮ ಎಂದು ಕೇಳಿದರು. ಎಷ್ಟು ಗಂಟೆಗೆ ಬಸ್ಸು ಸರ್ ಎಂದು ಕೇಳಿ ಬಂದೆ.

ಸತ್ಯ ಹೇಳಿದರೆ ಸೀಟು ಹೋಗುತ್ತದೆ. ಕೀಪರಿನ ಮಾತು ಕೇಳದೆ ಗೋಲ್ ಮಾಡಿಸಿ ಸುಳ್ಳೂ ಹೇಳಿದವಳನ್ನು ಯಾರು ಇಟ್ಟುಕೊಳ್ಳುತ್ತಾರೆ. ಹೇಳದಿದ್ದರೆ ಕಂಬನಿಗೆ ಐದೂಕಾಲಿನ ಬಸ್ಸು. ಸ್ವಲ್ಪ ದಿನ. ಆಮೇಲೆ ಅದೂ ಇಲ್ಲ. ನನಗೆ ಹೇಗೂ ಗೊತ್ತಾಗುವುದಿಲ್ಲ, ಅವಳು ಫೋನ್ ಮಾಡಿ ದೂರುವವಳಲ್ಲ.

ಕಂಬ ಎದುರಿನ ಬೆಂಚಿನ ಮೇಲೆ ಕೂತು ತನ್ನ ಗ್ಲೌಸಿನಿಂದ ರಬ್ಬರಿನ ಪುಡಿ ಒಂದೊಂದೇ ಆರಿಸಿ ತೆಗೆಯುತ್ತಿದ್ದಾಳೆ. ಇನ್ನು ಯಾಕೆ ಬೇಕು ಅವಳಿಗೆ ಆ ಗ್ಲೌಸು.

ಸರ್ ಬಾಗಿಲಲ್ಲಿ ನಿಂತಿದ್ದಾರೆ. ಅವರ ಪೆನ್ನು ಬರೆಯುತ್ತಿಲ್ಲವಂತೆ, ಯಾರ ಹತ್ತಿರವಾದರೂ ಇದೆಯಾ ಎಂದು ಕೇಳುತ್ತಿದ್ದಾರೆ. ಎಲ್ಲರ ಬ್ಯಾಗೂ ಕಟ್ಟಿಯಾಗಿದೆ. ಹೊರಗಿರುವ ಪೆನ್ನು ಇದೊಂದೇ. ನಾನು ತಲೆ ಎತ್ತಲಿಲ್ಲ, ಬರೆಯುತ್ತಲೇ ಇದ್ದೇನೆ. ಕಂಬ ಕೈ ತೋರಿಸಿದಳು.

“ಅಲ್ಲಿದೆ ಸರ್. ಅಕ್ಕಂದು.”

ಬರುತ್ತಿದ್ದಾರೆ. ಕೈ ಚಾಚಿದ್ದಾರೆ. ಕೊಡಬೇಕು. ಕೊಡುವ ಮೊದಲು ಹೇಳಬೇಕು, ಎರಡೇ ಪದ, ತಪ್ಪು