ಮೂರನೇದು, ಒಂದು

ಸೋಮವಾರ, ಸಂಜೆ

ಗುಬ್ಬಿಯ ಅಪ್ಪನಿಗೆ,

ನೀವು ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದವನ್ನು ನಿಮ್ಮ ತಂಗಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಹರಿದು ಹಾಕುವ ಮುಂಚೆ ಒಮ್ಮೆ ಓದಿ. ನಾಳೆ ಬೆಳಿಗ್ಗೆ ವಕೀಲರ ಹತ್ತಿರ ಹೋಗುತ್ತೀರಂತೆ, ಮಗುವನ್ನು ಪೂರ್ತಿ ನಿಮಗೇ ಕೊಡಿಸಿ ಎಂದು ಕೇಳುತ್ತೀರಂತೆ. ನಿಮ್ಮ ತಂಗಿಯೇ ಹೇಳಿದಳು.

ಶನಿವಾರ ನೀವು ಬಾಗಿಲಲ್ಲಿ ನಿಂತಾಗ ಗುಬ್ಬಿ, "ಅಪ್ಪಾ, ಇವತ್ತೊಂದಿನ ಇದ್ದು ನಾಳೆ ಬಂದ್ಬಿಡ್ತೀನಿ, ನಿಮ್ ಪಾಲು ಅಷ್ಟೇ" ಅಂದಳು. ಚೀಲ ತೆರೆದರೆ ಒಂದೇ ಒಂದು ಫ್ರಾಕು. ನೀವು ಅವಳನ್ನು ಬಿಟ್ಟು ನನ್ನ ಮುಖ ನೋಡಿದಿರಿ. "ಟೀಚರಮ್ಮನೋರು ಚೆನ್ನಾಗೇ ಪಾಠ ಮಾಡಿದ್ದೀರಿ" ಎಂದು ಕೆಳಮನೆಯವರಿಗೆಲ್ಲ ಕೇಳುವಂತೆ ಅಂದು, ಮಗುವನ್ನೂ ಕರೆದುಕೊಳ್ಳದೆ ಮೆಟ್ಟಿಲಿಳಿದಿರಿ. ಅವಳು ಊಟದ ಹೊತ್ತಿನವರೆಗೂ ಚಪ್ಪಲಿ ಬಿಚ್ಚಲಿಲ್ಲ.

ನಾನು ಹೇಳಿಕೊಟ್ಟಿಲ್ಲ.

"ರಜೆಯ ಮೂರನೇ ಒಂದು ಭಾಗ ತಂದೆಯ ಬಳಿ" ಎಂದು ಮಧ್ಯಸ್ಥರು ನಮ್ಮ ಒಪ್ಪಂದ ಓದಿದ್ದು ನೆನಪಿದೆಯಲ್ಲ? ಬಾಗಿಲು ಅರೆ ತೆರೆದಿತ್ತು, ಗುಬ್ಬಿ ಹೊರಗಿನ ಬೆಂಚಿನಲ್ಲಿ ಕೂತಿದ್ದಳು. ಅದೇ ವಾರ ಗುಬ್ಬಿಯ ತರಗತಿಯಲ್ಲಿ ನಾನು ಅದೇ ಪಾಠ ಮಾಡಿದ್ದೆ. ಕಾಗದದ ಪಟ್ಟಿಯನ್ನು ಮೂರು ಮಡಿಕೆ ಮಾಡಿಸಿ, ಮೂರನೇ ಒಂದು ಭಾಗಕ್ಕೆ ಬಣ್ಣ ಹಚ್ಚಿ ಅಂದೆ. ಅವಳು ಕೊನೆಯ ಮಡಿಕೆಗೆ ಹಚ್ಚಿದಳು. ನಾನು ಸರಿ ಗುರುತು ಹಾಕಿದೆ.

ನಿನ್ನೆ ಏನೋ ಅನುಮಾನ ಬಂದು, ನಿಮ್ಮ ಹಳೆಯ ಶರ್ಟುಗಳಿಂದ ಬಿಚ್ಚಿಟ್ಟಿದ್ದ ಹನ್ನೆರಡು ಗುಂಡಿಗಳನ್ನು ಸಾಲಾಗಿ ಇಟ್ಟೆ. ಮೂರನೇ ಒಂದು ಭಾಗ ಕೊಡು ಎಂದೆ. ಅವಳು ಎಡಗಡೆಯಿಂದ ಎಣಿಸಿ, ಮೂರನೆಯ ಗುಂಡಿಯನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟಳು. "ಮೂರನೇದು, ಒಂದು. ನೀನೇ ಅಲ್ವಾ ಹೇಳಿಕೊಟ್ಟಿದ್ದು?"

ಸಾಲಿನಲ್ಲಿ ಮೂರನೆಯದಾಗಿ ನಿಲ್ಲುವುದಕ್ಕೂ ಮೂರು ಪಾಲಿನಲ್ಲಿ ಒಂದನ್ನು ಪಡೆಯುವುದಕ್ಕೂ ನಮ್ಮಲ್ಲಿ ಒಂದೇ ಮಾತು. ಇಷ್ಟು ವರ್ಷ ಅದನ್ನು ಬೋರ್ಡಿನ ಮೇಲೆ ಬರೆದಿದ್ದೇನೆ. ಮಗುವಿನ ಕಿವಿಯಿಂದ ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. ಹನ್ನೆರಡು ದಿನದ ರಜೆ ಶುರುವಾದದ್ದು ಗುರುವಾರ. ನೀವು ಬಂದ ಶನಿವಾರ ಮೂರನೆಯ ದಿನ. ಅವಳ ಪ್ರಕಾರ ಅಪ್ಪನಿಗೆಂದು ಇದ್ದದ್ದು ಅದೊಂದೇ.

ಆಮೇಲೆ ಮೂರು ಬಟ್ಟಲು ತಂದೆ. ಒಂದೊಂದಾಗಿ ಹಂಚು ಅಂದೆ. ಹಂಚಿ ಮುಗಿದ ಮೇಲೆ ಒಂದು ಬಟ್ಟಲನ್ನು ಎತ್ತಿಕೊಂಡು, "ಇಷ್ಟೂ ಅಪ್ಪಂದಾ?" ಎಂದು ಎರಡೆರಡು ಸಲ ಕೇಳಿದಳು. ಬಟ್ಟಲನ್ನು ಕೆಳಗಿಟ್ಟು, "ಟೀಚರ್ ಮಗಳಿಗೇ ಲೆಕ್ಕ ಬರಲ್ಲ ಅಂತ ಅಪ್ಪಂಗೆ ನಾಚಿಕೆ ಆಯ್ತಾ? ಅದಕ್ಕೇ ಬಿಟ್ಟು ಹೋದ್ರಾ?" ಅಂದಳು. ಈ ಪ್ರಶ್ನೆಗೆ ನಾನು ಉತ್ತರ ಹೇಳಲಾರೆ. ನೀವೇ ಬಂದು ಹೇಳಬೇಕು.

ವಕೀಲರ ಆಫೀಸಿಗೆ ಹೋಗುವ ಮೊದಲು ಇಲ್ಲಿಗೆ ಬನ್ನಿ. ನನ್ನ ಜೊತೆ ಮಾತಾಡದಿದ್ದರೂ ಚಿಂತೆಯಿಲ್ಲ. ನಾಲ್ಕು ದಿನಕ್ಕೆ ಅವಳನ್ನು ಕರೆದುಕೊಂಡು ಹೋಗಿ.

ಇತಿ,
ಗುಬ್ಬಿಯ ಅಮ್ಮ

ತಾ.ಕ.: ಇದು ಮರೆತದ್ದಲ್ಲ, ಮೇಲೆ ಬರೆಯದೆ ಬಿಟ್ಟದ್ದು. ಶುಕ್ರವಾರವೇ ಅವಳ ಚೀಲದಲ್ಲಿ ಒಂದೇ ಫ್ರಾಕು ಇರುವುದನ್ನು ನಾನು ನೋಡಿದ್ದೆ. ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಇನ್ನಷ್ಟು ತುಂಬಬೇಕಾಗುತ್ತಿತ್ತು. ಜಿಪ್ಪು ಅವಳ ಕೈಗೆ ಬಗ್ಗಲಿಲ್ಲ, ಎಳೆದವಳು ನಾನು. ವಕೀಲರಿಗೆ ಏನಾದರೂ ತೋರಿಸಲೇಬೇಕು ಅನ್ನಿಸಿದರೆ ಈ ಸಾಲುಗಳನ್ನು ತೋರಿಸಿ.