ಗ್ರೂಪ್ ಬಿಟ್ಟ ಉಮೇಶನಿಗೆ

ಜಾವಳಿ
ಭಾನುವಾರ, 19-1-2025

ತಮ್ಮಾ ಉಮೇಶ,

ಕಾಗದ ನೋಡಿ ಹೆದರಬೇಡ, ಯಾರಿಗೂ ಏನೂ ಆಗಿಲ್ಲ. ಆಗಿದೆ, ಆದರೆ ನಮ್ಮ ಮನೆಯವರಿಗಲ್ಲ. ನೋಡು, ಮೊದಲ ಸಾಲಲ್ಲೇ ತಪ್ಪು ಬರೆದೆ. ನೀನು ಹುಟ್ಟಿದ ವರ್ಷ ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಕಾಗದ ಬರೆದು ಎಷ್ಟು ಕಾಲವಾಯಿತೋ. ಫೋನ್ ಮಾಡಿದರೆ ಎತ್ತಲ್ಲ, ಮೆಸೇಜ್ ಹಾಕಿದರೆ ಒಂದೇ ಗೀಟು ಬಿದ್ದು ಸುಮ್ಮನಾಗುತ್ತೆ. ಮಾವ ನಿನ್ನ ಬ್ಲಾಕ್ ಮಾಡಿದಾರೆ ಕಣಮ್ಮ ಅಂತ ರಂಜಿತಾ ಹೇಳಿದಳು. ಒಡಹುಟ್ಟಿದ ಅಕ್ಕನನ್ನ! ಅದಕ್ಕೇ ಅವಳ ನೋಟ್ ಪುಸ್ತಕದ ಹಾಳೆ ಹರಿದು ಬರೀತಾ ಇದೀನಿ. ಅತ್ತಿಗುಂಡಿಯಲ್ಲಿ ಟೂರಿಸ್ಟ್ ಜೀಪ್ ಓಡಿಸ್ತೀಯಂತೆ. ಆ ತಿರುವುಗಳಲ್ಲಿ ನಿಧಾನ ಹೋಗು, ಹಿಂದೆ ಕೂತವರು ಕಿರುಚಿದರು ಅಂತ ಜೋರು ಮಾಡಬೇಡ. ಸ್ವೆಟರ್ ಇದೆಯಾ? ಇಲ್ಲದಿದ್ದರೆ ಕಳಿಸ್ತೀನಿ.

ವಿಷಯಕ್ಕೆ ಬರ್ತೀನಿ. ದೇವೀರಮ್ಮನ ಕಾಲು ಮುರಿದಿದೆ. ನಮ್ಮ ಎಸ್ಟೇಟ್ ಲೈನ್ ಮನೆಯ ಪಕ್ಕದ ಬಾಗಿಲಿನವಳು, ಹದಿನೆಂಟು ವರ್ಷದಿಂದ ನನ್ನ ಜೊತೆ ಕಾಫಿ ಹಣ್ಣು ಕುಯ್ಯೋಳು. ಹೋದ ಸೋಮವಾರ ಬೆಳಿಗ್ಗೆ ಏಳು ಜನ ಹೆಂಗಸರು ಕೆಲಸಕ್ಕೆ ಹೊರಟೆವು. ತೋಟದ ಕೆರೆ ಬ್ಲಾಕಿನ ಗೇಟ್ ದಾಟಿದೆವೋ ಇಲ್ಲವೋ, ಎದುರಿಗೇ ಒಂಟಿ ಆನೆ. ಎಲ್ಲರಿಗಿಂತ ಮುಂದಿದ್ದವಳು ಅವಳೇ. ಓಡುವಾಗ ಚರಂಡಿಗೆ ಬಿದ್ದಳು. ಆನೆ ಒಂದು ಗಳಿಗೆ ನಿಂತು ನೋಡಿ ತನ್ನ ಪಾಡಿಗೆ ಹೋಯಿತು, ಇಲ್ಲದಿದ್ದರೆ ಈ ಕಾಗದದಲ್ಲಿ ಬೇರೆಯೇ ಸುದ್ದಿ ಇರ್ತಿತ್ತು. ಆಸ್ಪತ್ರೆಯಲ್ಲಿ ರಾಡ್ ಹಾಕಿದಾರೆ. ಮೂರು ತಿಂಗಳು ಕಾಲು ಊರುವ ಹಾಗಿಲ್ಲ.

ಇದೆಲ್ಲ ನೀನು ಆನೆ ಸುದ್ದಿಯ ವಾಟ್ಸಾಪ್ ಗ್ರೂಪ್ ಬಿಟ್ಟಿದ್ದಕ್ಕೇ ಆಯಿತು ಅಂತ ಊರೆಲ್ಲ ಮಾತು. ಉಮೇಶನಿಗೆ ಯಾಕೆ ಅಷ್ಟು ಸಿಟ್ಟು, ಯಾರೋ ಏನೋ ಅಂದರೆ ಎಸ್ಟೇಟಿನ ಆನೆ ವಾಚರ್ ಕೆಲಸವನ್ನೇ ಬಿಟ್ಟು ಹೋಗೋದಾ, ಅಂತ ಅಂಗಡಿ ಮುಂದೆ ನಿಂತವರೆಲ್ಲ ನ್ಯಾಯ ಹೇಳ್ತಾರೆ. ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿದೆ. ನೀನಿದ್ದಾಗ ಬೆಳಕು ಹರಿಯುವ ಮುಂಚೆ ತೋಟ ಸುತ್ತಿ, ಲದ್ದಿ ಮುಟ್ಟಿ ಬಿಸಿ ನೋಡಿ, ಗ್ರೂಪಲ್ಲಿ ನೀನು ಮೂರೇ ಮಾತು ಹಾಕ್ತಿದ್ದೆ. ಎಷ್ಟು ಆನೆ, ಯಾವ ಬ್ಲಾಕು, ಎಷ್ಟು ಗಂಟೆ. ದೇವೀರಮ್ಮನಿಗೆ ಓದಕ್ಕೆ ಬರಲ್ಲ, ಉಳಿದವರ ಹತ್ರ ಅಂಥ ಫೋನ್ ಇಲ್ಲ. ನಾನು ಓದಿ ಹೇಳೋ ತನಕ ಒಬ್ಬಳೂ ಅಂಗಳದಿಂದ ಹೆಜ್ಜೆ ಕೀಳ್ತಿರಲಿಲ್ಲ.

ಈಗ ನೋಡಬೇಕು ಆ ಗ್ರೂಪಿನ ಚಂದ. ಒಬ್ಬ ಆನೆ ಬಂತಂತೆ ಅಂತ ಹಾಕ್ತಾನೆ. ಎಲ್ಲಿ ಅಂತ ಹನ್ನೆರಡು ಜನ ಕೇಳ್ತಾರೆ. ಹಾಕಿದವನು ನಾಪತ್ತೆ. ಇನ್ನೊಬ್ಬ ಎಲ್ಲರೂ ಹುಷಾರು ಅಂತಾನೆ, ಅದರ ಕೆಳಗೆ ಇಪ್ಪತ್ತು ಜನ ಹುಷಾರು, ಹುಷಾರು. ಯಾವ ಕಡೆಗೆ ಮಾರಾಯ ಹುಷಾರಾಗಿರೋದು? ಈಗಷ್ಟೇ ಬಂದ ಸುದ್ದಿ ಅಂತ ಒಂದು ವಿಡಿಯೊ ಬಂತು, ಆನೆಯ ಹಿಂದೆ ಸಾಲಾಗಿ ತಾಳೆ ಮರ. ನಮ್ಮಲ್ಲಿ ಎಲ್ಲಿದೆಯಪ್ಪ ತಾಳೆ ಮರ ಅಂತ ಕೇಳಿದವನಿಗೇ ಬೈಗುಳ. ಆಮೇಲೆ ಪಾರ್ಟಿ ಜಗಳ. ಎದುರಿಗೆ ಸಿಕ್ಕರೆ ಬನ್ನಿ ಕೂತ್ಕೊಳ್ಳಿ ಅನ್ನೋರು, ಫೋನ್ ಒಳಗೆ ಹೋದ ಕೂಡಲೇ ಲೋ ಅಂತಾರೆ, ನಿನ್ನಪ್ಪ ಅಂತಾರೆ. ಬಾಲರಾಜ್ ಬಸ್ ಸ್ಟ್ಯಾಂಡಲ್ಲಿ ನನ್ನ ಕೈಯಿಂದ ಚೀಲ ಇಸ್ಕೊಂಡು ಹೆಂಗಿದೀರಕ್ಕ ಅಂತಾನೆ. ವಾಚರ್‌ಗೆ ಬಾಯಿ ಜಾಸ್ತಿಯಾಯ್ತು, ಆನೆ ಕಾಯೋನು ಆನೆ ಕಾಯ್ಲಿ ಅಂತ ನಿನಗೆ ಹಾಕಿದವನೂ ಅವನೇ ತಾನೆ?

ನಿನ್ನದೂ ತಪ್ಪಿದೆ ಕಣೋ. ಬೇಡದ್ದು ಹಾಕಬೇಡಿ ಅಂತ ಮೆತ್ತಗೆ ಹೇಳಿದ್ದರೆ ಆಗ್ತಿರಲಿಲ್ವಾ? ಹೂವು ಕಳಿಸೋರು ಆನೆಗೆ ಕಳಿಸಿ, ಅದಾದರೂ ದಾರಿ ಬಿಟ್ಟೀತು ಅಂತ ನೀನು ಹಾಕಿದೆ. ಅಂಗಳದಲ್ಲಿ ನಿಂತು ಹೇಳಿದ್ದರೆ ನಿನ್ನ ಮುಖ ನೋಡಿ ಎಲ್ಲರೂ ನಗ್ತಿದ್ದರು. ಅಲ್ಲಿ ಮುಖ ಎಲ್ಲಿದೆ? ಆ ದಿನ ಹೊಸ ವರ್ಷದ ಗುಲಾಬಿ ಹಾಕಿದವಳು ನಾನು. ನಿನಗೆ ಗೊತ್ತಿತ್ತು. ಅಕ್ಕ ಅಂತ ಒಂದು ಫೋನ್ ಮಾಡಿ ಹೇಳಬಹುದಿತ್ತು, ಇನ್ನೂರು ಜನರ ಮುಂದೆ ಹೇಳಿದೆ. ಬಾಲರಾಜನ ಮಾತಿನ ಕೆಳಗೆ ನಲವತ್ತು ಜನ ನಗುವ ಮುಖ ಒತ್ತಿದರಲ್ಲ, ಅದರಲ್ಲಿ ಒಂದು ನನ್ನದು. ಅಳೋ ಮುಖ ಅಂದ್ಕೊಂಡು ಒತ್ತಿದೆ ಅಂತ ರಂಜಿತಾಗೆ ಹೇಳಿದೀನಿ. ನಿನ್ನ ಹತ್ರ ಸುಳ್ಳು ಯಾಕೆ, ಸಿಟ್ಟು ಬಂದಿತ್ತು, ಗೊತ್ತಿದ್ದೇ ಒತ್ತಿದೆ. ಐದು ನಿಮಿಷಕ್ಕೆ ಅಳಿಸಿದೆ. ಅಷ್ಟರಲ್ಲಿ ನೀನು ನೋಡಿ ಆಗಿತ್ತು, ಹೊರಗೆ ಹೋಗಿಯೂ ಆಗಿತ್ತು. ಬೈಯೋದಾದರೆ ಬಂದು ಬೈ.

ಸೋಮವಾರ ಆಗಿದ್ದೂ ಇಂಥದ್ದೇ. ಎಸ್ಟೇಟಿನ ಧಣಿ ಸೋಮಶೇಖರಪ್ಪನವರ ಹುಟ್ಟುಹಬ್ಬ. ಬೆಳಿಗ್ಗೆ ಐದರಿಂದಲೇ ಕೇಕು, ಹಾರ, ಕೈ ಮುಗಿಯೋ ಚಿತ್ರ. ಏಳು ಗಂಟೆಯೊಳಗೆ ಅರವತ್ತಮೂರು ಮೆಸೇಜು. ಡೈರಿಗೆ ಹಾಲು ಹಾಕಕ್ಕೆ ಹೋಗ್ತಿದ್ದ ಗಿಡ್ಡಪ್ಪಣ್ಣ ಆನೆ ಕಂಡು, ಪಾಪ, ಕೆರೆ ಬ್ಲಾಕ್ ಗೇಟ್ ಹತ್ರ ಒಂಟಿ ಇದೆ ಅಂತ ಹಾಕಿದಾರೆ. ಅದರ ಕೆಳಗೇ ದೇವರು ನೂರು ವರ್ಷ ಆಯಸ್ಸು ಕೊಡಲಿ ಸರ್ ಅಂತ ಬಂದಿದೆ. ಅದರ ಕೆಳಗೆ ಮತ್ತೆ ಕೇಕು. ಆ ಕೇಕುಗಳ ಮಧ್ಯೆ ಆನೆ ಯಾರಿಗೆ ಕಾಣಬೇಕು?

ಸೋಮಶೇಖರಪ್ಪನವರು ಆಸ್ಪತ್ರೆಗೆ ಬಂದಿದ್ದರು. ನನ್ನ ಹುಟ್ಟುಹಬ್ಬದಿಂದ ಹೀಗಾಯ್ತಲ್ಲಮ್ಮ ಅಂತ ತಲೆ ತಗ್ಗಿಸಿ ಕೂತರು. ಉಮೇಶನ ಕೆಲಸ ಹಾಗೇ ಇದೆ, ಇನ್ನು ಮೇಲೆ ಗ್ರೂಪಲ್ಲಿ ಅವನೊಬ್ಬನೇ ಹಾಕೋದು, ಬೇರೆಯವರಿಗೆ ಬರೆಯಕ್ಕೇ ಆಗದ ಹಾಗೆ ಮಾಡಿಸ್ತೀನಿ, ಬರಕ್ಕೆ ಹೇಳಿ ಅಂದರು. ಕುಯ್ಲು ಮುಗಿಯಕ್ಕೆ ಇನ್ನೂ ಒಂದೂವರೆ ತಿಂಗಳಿದೆ. ಆರು ಜನ ಈಗ ಡಬ್ಬ ಬಡ್ಕೊಂಡು ತೋಟಕ್ಕೆ ಹೋಗ್ತಾ ಇದೀವಿ. ಎಲೆ ಅಲ್ಲಾಡಿದರೂ ಚೀಲ ಬಿಟ್ಟು ಗೇಟಿನ ಕಡೆ ಓಡ್ತೀವಿ.

ಬಾರೋ. ಸಿಟ್ಟು ನನ್ನ ಮೇಲಿರಲಿ, ಈ ಹೆಂಗಸರ ಮೇಲೆ ಬೇಡ.

ನಿನ್ನ ದಾರಿ ನೋಡುವ
ಅಕ್ಕ ಸುಕನ್ಯಾ

ಹಾಳೆಯ ಹಿಂದೆ ಬರೀತಾ ಇದೀನಿ, ಇದನ್ನ ರಂಜಿತಾಗೂ ತೋರಿಸಿಲ್ಲ. ಗಿಡ್ಡಪ್ಪಣ್ಣನ ಮೆಸೇಜ್ ಕೇಕುಗಳ ಮಧ್ಯೆ ಕಾಣಲಿಲ್ಲ ಅಂದೆನಲ್ಲ, ನಾನು ಆ ದಿನ ಗ್ರೂಪ್ ತೆರೆದೇ ಇರಲಿಲ್ಲ. ಅರವತ್ತಮೂರು ಅಂತ ನೋಡಿ ಬೇಸರ ಹತ್ತಿ ಫೋನ್ ಸೊಂಟಕ್ಕೆ ಸಿಕ್ಕಿಸಿದೆ. ಹೋಗಬಹುದೇನೇ ಸುಕನ್ಯಾ ಅಂತ ದೇವೀರಮ್ಮ ಕೇಳಿದಳು. ಏನೂ ಇಲ್ಲ, ನಡಿ ಅಂದೆ. ಈಗ ಆಸ್ಪತ್ರೆಗೆ ಹೋದಾಗೆಲ್ಲ ನನ್ನ ಕೈ ಹಿಡ್ಕೊಂಡು, ಉಮೇಶಣ್ಣ ಇದ್ದಿದ್ದರೆ ನನಗೆ ಹಿಂಗಾಗ್ತಿರಲಿಲ್ಲ ಅಲ್ವಾ ಅಂತಾಳೆ. ನಾನು ಹೌದು ಅಂತೀನಿ. ಊರವರು ನಿನ್ನ ಅಂದಾಗಲೂ ಸುಮ್ಮನಿದ್ದೆ. ಒಬ್ಬಳೇ ಹೋಗಿ ಅವಳಿಗೆ ನಿಜ ಹೇಳೋ ಧೈರ್ಯ ಇಲ್ಲ ಕಣೋ. ನೀನು ಪಕ್ಕದಲ್ಲಿ ನಿಂತ್ಕೊಂಡರೆ ಹೇಳ್ತೀನಿ.